ನಾಲ್ಕು ಪಂಥ ಸೋತವರಿಗೆ

ಡೊಂಬಿವಲಿಯ ಗೆಳೆಯರಿಗೆ ನಮಸ್ಕಾರ.

ನೀವು ಪತ್ರಿಕೆಗೆ ಕಳಿಸಿದ ‘ಕೊಲೆಗಾರನನ್ನು ನಾನು ಹಿಡಿದ ಬಗೆ’ ಲೇಖನ ತಲುಪಿದೆ. ಮಾಟುಂಗಾದಿಂದ ಮನೆಗೆ ಹೋಗುವಾಗ ರೈಲಿನಲ್ಲಿ ಒಮ್ಮೆ, ಊಟವಾದ ಮೇಲೆ ಇನ್ನೊಮ್ಮೆ ಓದಿದೆ. ಈಗಿರುವಂತೆ ಇದನ್ನು ಹಾಕಲು ಆಗುವುದಿಲ್ಲ. ಸಾಮಾನ್ಯವಾಗಿ ಇಷ್ಟು ಹೇಳಿ ಸುಮ್ಮನಾಗುತ್ತೇನೆ. ಪತ್ರಿಕೆಯಲ್ಲಿ ಇರುವುದು ನಾನು, ಅರ್ಧ ದಿನ ಬಂದು ಹೋಗುವ ಒಬ್ಬ ಹುಡುಗ, ಅಷ್ಟೆ. ಆದರೆ ನಿಮ್ಮ ಎಂಟನೇ ಪುಟದಲ್ಲಿ ಒಂದು ಸಾಲು ಸಿಕ್ಕಿತು. ಅದರಿಂದಾಗಿ ಈ ಉದ್ದದ ಕಾಗದ.

ಮೊದಲು ಜಗಳದ ಮಾತು. ‘ಟ್ವಿನ್ ಪೀಕ್ಸ್’ನ ಮೂರನೇ ಕಂತಿಗೇ ಲಾರಾ ಪಾಮರ್‌ಳನ್ನು ಕೊಂದವನು ಅವಳ ಅಪ್ಪ ಲೀಲ್ಯಾಂಡ್ ಎಂದು ನಿಮಗೆ ಖಾತ್ರಿಯಾಗಿತ್ತು ಅಂತೀರಿ. ನಾನು ನಂಬುವುದಿಲ್ಲ. ಆ ಧಾರಾವಾಹಿ ಅಮೆರಿಕದ ಎಬಿಸಿ ಚಾನೆಲ್ಲಿನಲ್ಲಿ ಶುರುವಾದದ್ದು 1990ರ ಏಪ್ರಿಲ್ 8ಕ್ಕೆ. ಕೊಂದವನ ಮುಖ ನೋಡುಗರಿಗೆ ಕಂಡದ್ದು ಅದೇ ವರ್ಷ ನವೆಂಬರ್ 10ಕ್ಕೆ. ನೀವು ನೋಡಿದ್ದು ಮೊನ್ನೆ ಮೊನ್ನೆ, ಆ ಗುಟ್ಟು ಬೀದಿಗೆ ಬಿದ್ದು ಮೂವತ್ತು ವರ್ಷ ದಾಟಿದ ಮೇಲೆ. ಇರಲಿ, ಏನೂ ತಿಳಿಯದೆ ನೋಡಿದಿರಿ ಎಂದೇ ಇಟ್ಟುಕೊಳ್ಳೋಣ. ನೀವು ಕೊಡುವ ಸಾಕ್ಷಿ ಯಾವುದು? ಅಪ್ಪ ಸತ್ತ ಮಗಳ ಫೋಟೋ ಹಿಡಿದು ಅಳುತ್ತಾ ಗಿರಗಿರನೆ ಕುಣಿಯುವ ದೃಶ್ಯ. ‘ಅದು ಪಾಪಿಯ ಕುಣಿತವೆಂದು ಆಗಲೇ ಹೊಳೆಯಿತು’ ಎಂದು ಬರೆದಿದ್ದೀರಿ. ಆ ಕ್ಷಣಕ್ಕೆ ಅಲ್ಲಿ ಕಾಣುವುದು ಮಗಳನ್ನು ಕಳಕೊಂಡು ತಲೆ ಕೆಟ್ಟ ಒಬ್ಬ ಅಪ್ಪ, ಬೇರೇನಲ್ಲ. ನೀವು ಅಕೌಂಟ್ಸ್ ಕೆಲಸದವರು. ಕೆಳಗಿನ ಮೊತ್ತವನ್ನು ಮೊದಲೇ ಬರೆದುಕೊಂಡು ಮೇಲಿನ ರಕಮುಗಳನ್ನು ಆಮೇಲೆ ತುಂಬಿಸುವುದಕ್ಕೆ ಏನೆನ್ನುತ್ತಾರೆಂದು ನಾನು ಹೇಳಬೇಕಾಗಿಲ್ಲ.

‘ಮೊದಲ ದೃಶ್ಯದಿಂದಲೇ ಖಳನನ್ನು ಎಳೆ ಎಳೆಯಾಗಿ ಹೆಣೆದಿಟ್ಟಿದ್ದರು’ ಎಂಬ ನಿಮ್ಮ ಮಾತೂ ನಿಲ್ಲುವುದಿಲ್ಲ. ಲೀಲ್ಯಾಂಡನ ಮೈಹೊಕ್ಕು ಕೊಲ್ಲಿಸುವ ಬಾಬ್ ಎಂಬ ದೆವ್ವ ಇದ್ದಾನಲ್ಲ, ಉದ್ದ ಕೂದಲಿನವನು, ಆ ಪಾತ್ರ ಮಾಡಿದ ಫ್ರಾಂಕ್ ಸಿಲ್ವ ಆ ಸೆಟ್ಟಿನಲ್ಲಿ ಕುರ್ಚಿ ಮೇಜು ಜೋಡಿಸುತ್ತಿದ್ದವರು. ಲಾರಾಳ ಕೋಣೆಯಲ್ಲಿ ಅವರು ಸಾಮಾನು ಸರಿಸುವುದನ್ನು ಕಂಡ ನಿರ್ದೇಶಕ ಡೇವಿಡ್ ಲಿಂಚ್‌ಗೆ ಏನೋ ಹೊಳೆದು, ಮಂಚದ ಕಾಲಬುಡದಲ್ಲಿ ಕೂರಿಸಿ ಒಂದು ಶಾಟ್ ತೆಗೆದರು. ಯಾಕೆಂದು ಅವರಿಗೇ ಗೊತ್ತಿರಲಿಲ್ಲ. ಆಮೇಲೆ ಲಾರಾಳ ತಾಯಿ ಬೆಚ್ಚಿ ಕಿರುಚುವ ದೃಶ್ಯ ತೆಗೆಯುವಾಗ ಗೋಡೆಯ ಕನ್ನಡಿಯಲ್ಲಿ ಸಿಲ್ವ ಅವರ ಪ್ರತಿಬಿಂಬ ಸಿಕ್ಕಿಬಿತ್ತು. ಬೇರೆ ಯಾರಾದರೂ ಬೈದು ಇನ್ನೊಂದು ಟೇಕ್ ಮಾಡುತ್ತಿದ್ದರು. ಲಿಂಚ್ ಅದನ್ನೇ ಇಟ್ಟುಕೊಂಡರು. ಖಳ ಹುಟ್ಟಿದ್ದು ಹೀಗೆ. ಬೆಳಿಗ್ಗೆ ಸೆಟ್ಟಿಗೆ ಬರುವಾಗ ಸ್ವತಃ ಖಳನಿಗೇ ಗೊತ್ತಿರದ ಸಂಗತಿಯನ್ನು ನೀವು ಡೊಂಬಿವಲಿಯಲ್ಲಿ ಕೂತು ಎಳೆ ಎಳೆಯಾಗಿ ಹಿಡಿದಿರಿ! ಅದೂ ಅಲ್ಲದೆ, ಲಿಂಚ್‌ಗೆ ಗುಟ್ಟು ಬಿಡಿಸುವ ಮನಸ್ಸೇ ಇರಲಿಲ್ಲ. ಚಾನೆಲ್ಲಿನವರು ಒತ್ತಾಯ ಮಾಡಿ ಬಿಡಿಸಿದ್ದು.

1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕತೆಗೆ ಹತ್ತು ಕಟ್ಟಳೆ ಬರೆದರು. ಅಪರಾಧಿ ಕತೆಯ ಆರಂಭದಲ್ಲೇ ಬಂದಿರಬೇಕು ಎಂಬುದು ಮೊದಲನೆಯದು. ನೀವು ಅದನ್ನು ಟೀವಿಗೂ ಅಂಟಿಸಿದ್ದೀರಿ. ಪುಸ್ತಕ ಬರೆಯುವವನು ಕೊನೆಯ ಪುಟ ಮುಗಿಸಿ ಮೊದಲ ಪುಟ ತಿದ್ದಬಹುದು. ಧಾರಾವಾಹಿಯವನಿಗೆ ಆ ಭಾಗ್ಯವಿಲ್ಲ, ಮೊದಲ ಕಂತು ಆಗಲೇ ಜನರ ಮನೆ ಸೇರಿರುತ್ತದೆ. ನಟನ ಕರಾರು ಮುಗಿಯುತ್ತದೆ, ಟಿಆರ್‌ಪಿ ಬೀಳುತ್ತದೆ, ಟ್ರ್ಯಾಕ್ ಬದಲಾಗುತ್ತದೆ. ಅಮೆರಿಕದ್ದೇ ಇನ್ನೊಂದು ಧಾರಾವಾಹಿ ‘ಡಲ್ಲಾಸ್’ನಲ್ಲಿ 1980ರ ಮಾರ್ಚ್ 21ಕ್ಕೆ ಮುಖ್ಯ ಪಾತ್ರ ಜೆ.ಆರ್.ಗೆ ಗುಂಡು ಬಿತ್ತು. ಹೊಡೆದದ್ದು ಅವನ ಹೆಂಡತಿಯ ತಂಗಿ ಎಂದು ಜನರಿಗೆ ತಿಳಿದದ್ದು ನವೆಂಬರ್ 21ಕ್ಕೆ. ಗುಟ್ಟು ಸೋರದಿರಲೆಂದು ಬೇರೆ ಬೇರೆ ನಟರ ಕೈಯಲ್ಲಿ ಪಿಸ್ತೂಲು ಕೊಟ್ಟು ಚಿತ್ರೀಕರಿಸಿದ್ದರಂತೆ. ಎಲ್ಲರೂ ಗುಂಡು ಹೊಡೆದ ಸೆಟ್ಟಿನಲ್ಲಿ ಯಾವ ಸುಳಿವು ಹುಡುಕುತ್ತೀರಿ?

ಈಗ ಎಂಟನೇ ಪುಟದ ಸಾಲು: ‘ಬೆಳಗಿನ ಫಾಸ್ಟ್ ಲೋಕಲ್ಲಿನಲ್ಲಿ ನಮ್ಮ ಗ್ರೂಪಿನವರು ವಡಾಪಾವ್ ಪಂಥ ಕಟ್ಟುತ್ತಿದ್ದೆವು, ನಾನು ನಾಲ್ಕು ಸಲ ಸೋತೆ.’

ಸ್ವಾಮಿ, ಮೂರನೇ ಕಂತಿಗೇ ಖಾತ್ರಿಯಾಗಿದ್ದವರು ನಾಲ್ಕು ಸಲ ಯಾರ ಮೇಲೆ ಕಟ್ಟಿ ಸೋತಿರಿ? ಸಿಕ್ಕಿಬಿದ್ದಿರಿ. ನನಗೆ ಬೇಕಾದ ಲೇಖನ ಅದು. ಆ ನಾಲ್ವರು ಯಾರು, ಯಾಕೆ ಅವರ ಮೇಲೆ ಅನುಮಾನ ಬಂತು, ಠಾಣೆ ಬರುವಷ್ಟರಲ್ಲಿ ಯಾರು ನಿಮ್ಮ ವಾದ ಮುರಿದರು, ನಿಮ್ಮ ಗ್ರೂಪಿನ ಗುಜರಾತಿ ಗೆಳೆಯ ಏನಂದ, ವಡಾಪಾವ್ ದುಡ್ಡು ಕೊಟ್ಟಿರೋ ಇಲ್ಲವೋ. ನೇತಾಡಿಕೊಂಡು ಹೋಗುವವರು ಬೇರೆ ದೇಶದ ಸತ್ತ ಹುಡುಗಿಯ ಬಗ್ಗೆ ಕಿತ್ತಾಡುವುದನ್ನು ನೀವಲ್ಲದೆ ಯಾರು ಬರೆಯಬೇಕು?

ನನ್ನದೂ ಒಂದು ಹೇಳುತ್ತೇನೆ. ಸೋನಿಯಲ್ಲಿ 1998ರಲ್ಲಿ ‘ಸಿಐಡಿ’ ಎಂಬ ಪತ್ತೇದಾರಿ ಧಾರಾವಾಹಿ ಶುರುವಾದ ಕಾಲ. ಹೋಟೆಲ್ ಕೆಲಸದವರು ಒಟ್ಟಿಗೆ ಇದ್ದ ಕೋಣೆಯಲ್ಲಿ ನಾನೂ ನೋಡುತ್ತಿದ್ದೆ. ನಮ್ಮ ಕಟಪಾಡಿಯ ದಯಾನಂದ ಶೆಟ್ಟಿ ಬಾಗಿಲು ಒದೆಯುವಾಗ ಒಬ್ಬೊಬ್ಬರೂ ತಾವೇ ಒದ್ದಷ್ಟು ಹೆಮ್ಮೆಪಡುತ್ತಿದ್ದರು. ಗಲ್ಲಾದಲ್ಲಿ ಕೂರುತ್ತಿದ್ದ ಕುಂದಾಪುರದ ಹಿರಿಯರೊಬ್ಬರಿಗೆ ಸುಳಿವು ಗಿಳಿವು ಏನೂ ಬೇಡ. ನಟನ ಮುಖ ನೋಡಿ, ‘ಇಷ್ಟ್ ದೊಡ್ಡವ ಬರೀ ಎರಡ್ ಮಾತ್ ಆಡುಕೆ ಬಪ್ಪುದಾ? ಇವ್ನೇ ಕಾಣಿ’ ಅನ್ನುತ್ತಿದ್ದರು. ಹೆಚ್ಚಾಗಿ ಸರಿಯೇ ಇರುತ್ತಿತ್ತು. ಒಂದು ರಾತ್ರಿ ಮಾತ್ರ ಆ ದೊಡ್ಡ ಮುಖದವನು ನಿಜವಾಗಿಯೂ ಎರಡೇ ಮಾತಾಡಿ ಹೋದ. ಹಿರಿಯರು ಮಾತಾಡದೆ ಎದ್ದು ಚಾದರ ಎಳೆದುಕೊಂಡು ಮಲಗಿದರು. ಮರುದಿನ ಕೋಣೆಯವರಿಗೆಲ್ಲ ಚಾ ಕೊಡಿಸಿದರು, ಗಲ್ಲಾದಿಂದಲ್ಲ, ಸ್ವಂತ ಜೇಬಿನಿಂದ.

ಉಳಿದದ್ದು ಸಣ್ಣಪುಟ್ಟದ್ದು. ಕಥಾಸಾರದ ನಾಲ್ಕು ಪುಟ ತೆಗೆಯಿರಿ. ‘ರೋಮಾಂಚಕಾರಿ’ ಹದಿನಾಲ್ಕು ಸಲ ಬಂದಿದೆ, ಒಂದಕ್ಕೂ ನನಗೆ ರೋಮ ಏಳಲಿಲ್ಲ. ‘ಸಸ್ಪೆನ್ಸ್’ ಇರಲಿ, ಅದಕ್ಕೆ ಸಂಸ್ಕೃತ ಹುಡುಕುವ ಕಷ್ಟ ಬೇಡ. ಗಣಪತಿ ಹಬ್ಬದೊಳಗೆ ಕಳಿಸಿದರೆ ದೀಪಾವಳಿ ವಿಶೇಷಾಂಕಕ್ಕೆ ನೋಡುತ್ತೇನೆ. ಗೌರವಧನ ಇಲ್ಲ, ಎರಡು ಪ್ರತಿ ಸಿಗುತ್ತದೆ.

ಅಷ್ಟರೊಳಗೆ ಒಂದು ಫೋನ್ ಮಾಡಿ, ಕೊನೆಯ ಪಂಥ ಯಾರ ಮೇಲೆ ಕಟ್ಟಿದ್ದಿರಿ ಹೇಳಿ. ಹೋಟೆಲ್ ಮಾಲೀಕ ಬೆನ್ ಹಾರ್ನ್ ಮೇಲೆ ಇರಬೇಕು ಎಂದು ನನ್ನ ಅನುಮಾನ. ಒಂದು ವಡಾಪಾವ್ ನನ್ನ ಕಡೆಯಿಂದ.

ನಿಮ್ಮ
ಸಂಪಾದಕ