ಒಂದೇ ಅಕ್ಷರದಿಂದ ಮೊದಲಾಗುವ ಜಪಾನೀ ಹಾಡುಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಜಪಾನೀ ಭಾಷೆ ಕಲಿಯುತ್ತಿರುವ ನಾವು ನಾಲ್ವರು ಗೆಳತಿಯರು, ಕೇಳಿದ ಹಾಡುಗಳ ಶೀರ್ಷಿಕೆಗಳನ್ನು ಮೊದಲಕ್ಷರದ ಪ್ರಕಾರ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇವೆ. ‘ಅ’ ಅಕ್ಷರದ ಪುಟಗಳು ಆಗಲೇ ತುಂಬಿವೆ. ‘ರ’ ಸಾಲಿನ ಪುಟಗಳು ಬಹುಪಾಲು ಖಾಲಿ ಉಳಿದಿವೆ. ಇದು ನಮ್ಮ ಹುಡುಕಾಟದ ಕೊರತೆಯೋ ಅಥವಾ ಭಾಷೆಯ ಗುಣವೋ?

ಉತ್ತರ: ಭಾಷೆಯ ಗುಣವೇ. ಹಾಡಿನ ಶೀರ್ಷಿಕೆಗಳು ಹೆಚ್ಚಾಗಿ ದಿನಬಳಕೆಯ, ಮನಸ್ಸಿಗೆ ಹತ್ತಿರವಾದ ಪದಗಳಿಂದಲೇ ಹುಟ್ಟುತ್ತವೆ, ಮತ್ತು ಜಪಾನಿಯಲ್ಲಿ ಅಂಥ ಎಷ್ಟೋ ಪದಗಳು ಅಕಾರದಿಂದ ಮೊದಲಾಗುತ್ತವೆ. ಪ್ರೀತಿಗೆ ‘ಅಇ’, ಮಳೆಗೆ ‘ಅಮೆ’, ಶರತ್ಕಾಲಕ್ಕೆ ‘ಅಕಿ’, ಬೆಳಗಿಗೆ ‘ಅಸ’, ನಾಳೆಗೆ ‘ಅಶಿತ’, ಎದುರಿಗಿರುವವರನ್ನು ಕುರಿತು ‘ಅನತ’, ದೂರದ್ದನ್ನು ಅಥವಾ ಕಳೆದುಹೋದದ್ದನ್ನು ನೆನೆಯುವಾಗ ‘ಅನೊ’. ಬಣ್ಣಗಳಲ್ಲಿ ಕೆಂಪು ‘ಅಕ’, ನೀಲಿ ‘ಅಒ’. ಈ ಎರಡು ಬಣ್ಣಗಳನ್ನಷ್ಟೇ ಹಿಡಿದು ಹೊರಟರೂ ಒಂದು ಪುಟ ತುಂಬುತ್ತದೆ. ನೊಗುಚಿ ಉಜೊ ಬರೆದು ಮೊತೊಓರಿ ನಾಗಯೊ ರಾಗ ಹಾಕಿದ, ನೀಲಿ ಕಣ್ಣಿನ ಬೊಂಬೆಯ ಹಾಡು ‘ಅಒಇ ಮೆ ನೊ ನಿಂಗ್ಯೋ’ 1921ರದು; ಇದೇ ಜೋಡಿಯ, ಕೆಂಪು ಬೂಟಿನ ಹುಡುಗಿಯ ಹಾಡು ‘ಅಕಇ ಕುತ್ಸು’ 1922ರದು. ಮಿಕಿ ರೊಫು ಅವರ ಸಾಲುಗಳಿಗೆ ಯಮದ ಕೊಸಾಕು 1927ರಲ್ಲಿ ರಾಗ ಕಟ್ಟಿದ ‘ಅಕ ತೊಂಬೊ’, ಅಂದರೆ ಕೆಂಪು ಏರೋಪ್ಲೇನ್ ಚಿಟ್ಟೆ, ಮುಸ್ಸಂಜೆಯ ಬೆಳಕಿನಲ್ಲಿ ದಾದಿಯ ಬೆನ್ನ ಮೇಲಿಂದ ಕಂಡ ಬಾಲ್ಯದ ನೋಟವನ್ನು ನೆನೆಯುತ್ತದೆ. ನಿಮ್ಮ ಪುಸ್ತಕದಲ್ಲಿ ಅದು ಇನ್ನೂ ಸೇರಿಲ್ಲವಾದರೆ ಮೊದಲು ಅದನ್ನೇ ಬರೆಯಿರಿ ಎಂಬುದು ನನ್ನ ಒತ್ತಾಯ. ಆಮೇಲೆ 1982ರಲ್ಲಿ ಮತ್ಸುದ ಸೇಕೊ ಹಾಡಿದ ‘ಅಕಇ ಸುಇತೊಪೀ’ ಬರಲಿ. ಐವತ್ತೈದು ವರ್ಷಗಳ ಅಂತರದ ಶಿಶುಗೀತೆಯೂ ಪಾಪ್ ಗೀತೆಯೂ ಒಂದೇ ಕೆಂಪಿನಿಂದ ಬಾಯಿ ತೆರೆಯುವುದನ್ನು ಅಕ್ಕಪಕ್ಕದಲ್ಲಿಟ್ಟು ಕೇಳುವ ಸುಖ ಬೇರೆಯೇ.

‘ರ’ ಸಾಲಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಹಳೆಯ ಜಪಾನಿಯ ದೇಸಿ ಪದಗಳು ರಕಾರದಿಂದ ಮೊದಲಾಗುತ್ತಿರಲಿಲ್ಲ. ಅಚ್ಚಗನ್ನಡದಲ್ಲಿಯೂ ರಕಾರ, ಲಕಾರಗಳಿಂದ ಮೊದಲಾಗುವ ಪದಗಳು ವಿರಳವೆಂಬುದನ್ನು ಬಲ್ಲ ನಮಗೆ ಇದು ತೀರ ಅಪರಿಚಿತವಾದ ಸಂಗತಿಯಲ್ಲ. ಆದ್ದರಿಂದ ಅಲ್ಲಿ ರ, ರಿ, ರು, ರೆ, ರೊ ಪುಟಗಳಿಗೆ ಬಂದು ಸೇರುವ ಹಾಡುಗಳ ತಲೆಪದವು ಬಹುಮಟ್ಟಿಗೆ ಚೀನೀ ಮೂಲದ್ದು ಅಥವಾ ಪಶ್ಚಿಮದ ಭಾಷೆಗಳಿಂದ ಬಂದದ್ದು ಆಗಿರುತ್ತದೆ. ಸೇಬಿಗೆ ಅವರು ಹೇಳುವ ‘ರಿಂಗೊ’ ಚೀನೀ ಮೂಲದ ಪದ. ಯುದ್ಧ ಮುಗಿದ 1945ರ ಚಲನಚಿತ್ರವೊಂದರಲ್ಲಿ ನಮಿಕಿ ಮಿಚಿಕೊ ಹಾಡಿ, ಸೋತು ಬಳಲಿದ್ದ ಜನರ ಬಾಯಲ್ಲೆಲ್ಲ ನಲಿದಾಡಿದ ‘ರಿಂಗೊ ನೊ ಉತ’ ಮತ್ತು 1952ರಲ್ಲಿ ಮಿಸೊರ ಹಿಬರಿ ಹಾಡಿದ ‘ರಿಂಗೊ ಒಇವಕೆ’, ಈ ಎರಡೂ ನಿಮ್ಮ ‘ರಿ’ ಪುಟಕ್ಕೆ ಸಾಕಷ್ಟು ಘನತೆ ತರುತ್ತವೆ. ಯೊನೆಜು ಕೆಂಶಿ 2018ರಲ್ಲಿ ಹಾಡಿದ ‘ಲೆಮನ್’ ಹಾಡನ್ನು ‘ರೆ’ ಪುಟಕ್ಕೇ ಸೇರಿಸಬೇಕು, ಏಕೆಂದರೆ ಜಪಾನಿಯಲ್ಲಿ ಲಕಾರವಿಲ್ಲ. ಅದು ಅಲ್ಲಿ ‘ರೆಮೊನ್’.

ಪ್ರಶ್ನೆ: ಒಂದೇ ಶೀರ್ಷಿಕೆಯನ್ನು ಒಬ್ಬರು ಚೀನೀ ಮೂಲದ ಚಿತ್ರಲಿಪಿಯಲ್ಲಿ, ಇನ್ನೊಬ್ಬರು ಉಚ್ಚಾರವನ್ನು ಸೂಚಿಸುವ ‘ಕಾನ’ ಎಂಬ ಜಪಾನೀ ಅಕ್ಷರಗಳಲ್ಲಿ, ಮತ್ತೊಬ್ಬರು ರೋಮನ್ ಲಿಪಿಯಲ್ಲಿ ಬರೆದಿರುತ್ತಾರೆ. ಇಂಥಲ್ಲಿ ಮೊದಲಕ್ಷರವನ್ನು ನಿರ್ಧರಿಸುವುದು ಹೇಗೆ?

ಉತ್ತರ: ಕಿವಿಯಿಂದ. ಜಪಾನಿನ ಕರಓಕೆ ಕೋಣೆಗಳಲ್ಲಿ ಇರುತ್ತಿದ್ದ ದಪ್ಪ ಹಾಡುಪಟ್ಟಿಗಳು ಶೀರ್ಷಿಕೆಯನ್ನು ಉಚ್ಚಾರದ ಪ್ರಕಾರವೇ ಜೋಡಿಸುತ್ತಿದ್ದವು. ಬೆರಳಿನಿಂದ ಮುಟ್ಟಿ ಹುಡುಕುವ ಫಲಕಗಳು ಬಂದ ಮೇಲೂ ಪದ್ಧತಿ ಬದಲಾಗಿಲ್ಲ. ಚೆರಿ ಹೂವಿನ ಹೆಸರಾದ ‘ಸಕುರ’ ಇದಕ್ಕೆ ಅತ್ಯುತ್ತಮ ನಿದರ್ಶನ. ಮೊರಿಯಮ ನಒತರೊ (2003) ಅದನ್ನು ಕಾನದಲ್ಲಿ ಬರೆದರು, ಕೊಬುಕುರೊ ಜೋಡಿ (2005) ಚಿತ್ರಲಿಪಿಯಲ್ಲಿ ಬರೆಯಿತು, ಇಕಿಮೊನೊಗಕರಿ ತಂಡ (2006) ರೋಮನ್ ಅಕ್ಷರಗಳಲ್ಲಿ ಬರೆಯಿತು. ಕಣ್ಣಿಗೆ ಮೂರು ಬೇರೆ ಬೇರೆ ಶೀರ್ಷಿಕೆಗಳು. ಕಿವಿಗೆ ಒಂದೇ ‘ಸ’, ಒಂದೇ ಪುಟ.

ಇನ್ನೊಂದು ಎಚ್ಚರಿಕೆ ಬೇಕು. ಕಾನದಲ್ಲಿ ‘ಗ’ ಎಂಬುದು ‘ಕ’ ಅಕ್ಷರದ ಮೇಲೆ ಎರಡು ಪುಟ್ಟ ಗೀಟು ಎಳೆದದ್ದಷ್ಟೇ. ಅದಕ್ಕೆ ಪ್ರತ್ಯೇಕ ಪುಟವಿಲ್ಲ. ಹಾಗಾಗಿ 1961ರ ಪ್ರಸಿದ್ಧ ಯುಗಳಗೀತೆ ‘ಗಿಂಜ ನೊ ಕೊಇ ನೊ ಮೊನೊಗತರಿ’ಯನ್ನು ‘ಕಿ’ ಪುಟದಲ್ಲಿಯೇ ಹುಡುಕಬೇಕು. ಅಲ್ಲಿ ಅದಕ್ಕೆ ನೆರೆಯವರಾಗಿ ಸಿಗುವವರು ಉತ್ತರ ದಿಕ್ಕಿನವರು. ‘ಕಿತ’ ಎಂದರೆ ಉತ್ತರ. ಎಂಕ ಎಂಬ ಭಾವಗೀತ ಪ್ರಕಾರದಲ್ಲಿ ಉತ್ತರವೆಂದರೆ ಚಳಿ, ಹಿಮ, ಅಗಲಿಕೆ, ಊರಿನ ನೆನಪು. ಮಿಯಕೊ ಹರುಮಿ 1975ರಲ್ಲಿ ಹಾಡಿದ ‘ಕಿತ ನೊ ಯದೊ ಕರ’, ಸೆನ್ ಮಸಒ 1977ರಲ್ಲಿ ಹಾಡಿದ ‘ಕಿತಗುನಿ ನೊ ಹರು’, ಹೊಸೊಕವ ತಕಶಿ 1982ರಲ್ಲಿ ಹಾಡಿದ ‘ಕಿತ ಸಕಬ’ ಒಂದರ ಹಿಂದೆ ಒಂದು ನಿಂತಿರುವಾಗ, ಅಕ್ಷರದ ಸಾಲು ತಾನಾಗಿಯೇ ಒಂದು ಭಾವದ ಸಾಲಾಗಿಬಿಡುತ್ತದೆ. ಪಟ್ಟಿ ಮಾಡಿದವರು ಇದನ್ನು ಉದ್ದೇಶಿಸಿರಲಿಲ್ಲ; ಭಾಷೆ ಉದ್ದೇಶಿಸಿತ್ತು ಎನ್ನಬೇಕು.

ಹೊರದೇಶದ ಪಟ್ಟಿಗಳನ್ನು ಮಾತ್ರ ನಂಬಬೇಡಿ. ಸಕಮೊತೊ ಕ್ಯು 1961ರಲ್ಲಿ ಹಾಡಿದ ‘ಉಎ ಒ ಮುಇತೆ ಅರುಕೋ’, ಕಣ್ಣೀರು ಕೆಳಗೆ ಬೀಳದಂತೆ ಮೇಲೆ ನೋಡುತ್ತ ನಡೆಯೋಣ ಎನ್ನುವ ಹಾಡು. 1963ರ ಜೂನ್ ತಿಂಗಳಲ್ಲಿ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿ ಮೂರು ವಾರ ನಿಂತಿತು; ಆದರೆ ಅಲ್ಲಿ ಅದರ ಹೆಸರು ‘ಸುಕಿಯಕಿ’, ಹಾಡಿಗೆ ಯಾವ ಸಂಬಂಧವೂ ಇಲ್ಲದ ಒಂದು ಮಾಂಸದ ಅಡುಗೆಯ ಹೆಸರು. ತನ್ನ ನಾಡಿನಲ್ಲಿ ‘ಉ’ ಆಗಿದ್ದ ಹಾಡು ಕಡಲು ದಾಟಿದಾಗ ‘ಸು’ ಆಯಿತು. ನಿಮ್ಮ ಪುಸ್ತಕದಲ್ಲಿ ಅದು ‘ಉ’ ಪುಟದಲ್ಲಿಯೇ ಇರಲಿ. ಆ ಸಂಕಟಕ್ಕೆ ಸಲ್ಲಬೇಕಾದ ಗೌರವ ಅದು.

ಪ್ರಶ್ನೆ: ‘ಸಕುರ’ ಎಂಬ ಹೆಸರಿನಲ್ಲಿ ಇಷ್ಟೊಂದು ಹಾಡುಗಳೇಕೆ?

ಉತ್ತರ: ಜಪಾನಿನಲ್ಲಿ ಶಾಲಾ ವರ್ಷ ಮಾರ್ಚ್‌ನಲ್ಲಿ ಮುಗಿದು ಏಪ್ರಿಲ್‌ನಲ್ಲಿ ಹೊಸದು ಶುರುವಾಗುತ್ತದೆ, ದೇಶದ ಬಹುಭಾಗದಲ್ಲಿ ಚೆರಿ ಅರಳಿ ಉದುರುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಬೀಳ್ಕೊಡುಗೆ ಮತ್ತು ಹೊಸ ಬದುಕು ಎರಡಕ್ಕೂ ಒಂದೇ ಹೂವು ಸಾಕ್ಷಿಯಾಗುವುದರಿಂದ ಹಾಡು ಬರೆಯುವವರು ಮತ್ತೆ ಮತ್ತೆ ಅದರ ಬಳಿಗೆ ಹೋಗುತ್ತಾರೆ. ಹಳೆಯ ‘ಸಕುರ ಸಕುರ’ ಕೊತೊ ವಾದ್ಯದ ಪಾಠವಾಗಿ 1888ರ ಸಂಗ್ರಹದಲ್ಲಿಯೇ ಅಚ್ಚಾಗಿತ್ತು. ಒಂದನ್ನು ಇನ್ನೊಂದರಿಂದ ಬೇರ್ಪಡಿಸಲು ಹಾಡಿನ ಪಕ್ಕದಲ್ಲಿ ಹಾಡಿದವರ ಹೆಸರನ್ನು ತಪ್ಪದೆ ಬರೆಯಿರಿ.

ಪ್ರಶ್ನೆ: ಅವರ ಅಕ್ಷರಗಳ ಅನುಕ್ರಮ ನಮ್ಮ ವರ್ಣಮಾಲೆಯನ್ನು ಹೋಲುತ್ತದೆಯಲ್ಲ? ಮತ್ತು ‘ನ್’ ಅಕ್ಷರದ ಪುಟ ಬೇಕೇ?

ಉತ್ತರ: ಹೋಲಿಕೆ ಆಕಸ್ಮಿಕವಲ್ಲ. ಸಿದ್ಧಂ ಎಂಬ ಪ್ರಾಚೀನ ಭಾರತೀಯ ಲಿಪಿಯ ಮೂಲಕ ಸಂಸ್ಕೃತದ ಧ್ವನಿಶಾಸ್ತ್ರವನ್ನು ಕಲಿತ ಜಪಾನಿನ ಬೌದ್ಧ ಭಿಕ್ಷುಗಳ ಅಧ್ಯಯನದಿಂದ ಈ ಕ್ರಮ ರೂಪುಗೊಂಡಿತು. ಅ, ಕ, ಸ, ತ, ನ, ಹ, ಮ, ಯ, ರ, ವ ಎಂಬ ಸಾಲನ್ನು ನೋಡಿ: ಚವರ್ಗದ ಜಾಗದಲ್ಲಿ ‘ಸ’, ಪವರ್ಗದ ಜಾಗದಲ್ಲಿ ‘ಹ’ ಇವೆ, ಆ ಹಕಾರ ಪ್ರಾಚೀನ ಕಾಲದಲ್ಲಿ ಪಕಾರವೇ ಆಗಿತ್ತು. ಇದಕ್ಕಿಂತ ಬೇರೆಯಾದ ‘ಇರೊಹ’ ಕ್ರಮವೂ ಒಂದಿದೆ. ಕಾನ ಅಕ್ಷರಗಳೆಲ್ಲವನ್ನೂ ಒಂದೊಂದೇ ಸಲ ಬಳಸಿ, ಅರಳಿದ ಹೂವು ಉದುರುವ ಅನಿತ್ಯತೆಯನ್ನು ಹೇಳುವ ಆ ಪದ್ಯಕ್ಕೆ ಅದರ ಮೊದಲ ಮೂರು ಅಕ್ಷರಗಳೇ ಹೆಸರು. ‘ನ್’ ಪುಟ ಬೇಡ. ಜಪಾನೀ ಪದ ಅದರಿಂದ ಮೊದಲಾಗುವುದಿಲ್ಲ. ನಮ್ಮ ಅಂತ್ಯಾಕ್ಷರಿಯನ್ನು ಹೋಲುವ ಅವರ ‘ಶಿರಿತೊರಿ’ ಆಟದಲ್ಲಿ ‘ನ್’ನಿಂದ ಮುಗಿಯುವ ಪದ ಹೇಳಿದವರು ಸೋಲುವುದು ಅದಕ್ಕೇ.

ಪ್ರಶ್ನೆ: ಹೀಗೆ ಮೊದಲಕ್ಷರದಿಂದ ಹಾಡುಗಳನ್ನು ಗುಂಪು ಮಾಡುವುದು ಅಲ್ಲಿಯ ಹಳೆಯ ರೂಢಿಯೇ, ಅಥವಾ ಕರಓಕೆ ಬಂದ ಮೇಲಿನದೇ?

ಉತ್ತರ: ಕರಓಕೆಗಿಂತ ಬಹಳ ಹಿಂದಿನದು. ಜಪಾನಿಯಲ್ಲಿ ‘ಉತ’ ಎಂದರೆ ಹಾಡೂ ಹೌದು, ಪದ್ಯವೂ ಹೌದು. 13ನೆಯ ಶತಮಾನದಲ್ಲಿ ಫುಜಿವರ ನೊ ತೇಕ ನೂರು ಕವಿಗಳಿಂದ ಒಂದೊಂದರಂತೆ ಆಯ್ದ ನೂರು ಪದ್ಯಗಳು ‘ಹ್ಯಾಕುನಿನ್ ಇಶ್ಶು’ ಎಂದು ಹೆಸರಾಗಿವೆ. ಆ ಪದ್ಯಗಳಿಗೆ ಶೀರ್ಷಿಕೆಗಳಿಲ್ಲ. ಮೊದಲ ಪದಗಳೇ ಅವುಗಳ ಗುರುತು. ಇವನ್ನು ಚೀಟಿಗಳ ಮೇಲೆ ಬರೆದು ಆಡುವ ‘ಕರುತ’ ಆಟದಲ್ಲಿ ಒಬ್ಬರು ಪದ್ಯವನ್ನು ಮೊದಲಿನಿಂದ ಓದುತ್ತಾರೆ, ಆಟಗಾರರು ಅದರ ಉತ್ತರಾರ್ಧವಿರುವ ಚೀಟಿಯನ್ನು ಎಲ್ಲರಿಗಿಂತ ಮೊದಲು ಮುಟ್ಟಬೇಕು. ಆದ್ದರಿಂದ ಯಾವ ಅಕ್ಷರದಿಂದ ಎಷ್ಟು ಪದ್ಯಗಳು ಮೊದಲಾಗುತ್ತವೆ ಎಂಬ ಲೆಕ್ಕ ಆಟಗಾರರಿಗೆ ಕಂಠಪಾಠ. ಮು, ಸು, ಮೆ, ಫು, ಸ, ಹೊ, ಸೆ ಅಕ್ಷರಗಳಲ್ಲಿ ಒಂದೊಂದೇ ಪದ್ಯವಿದೆ. ಅವನ್ನು ‘ಮುಸುಮೆಫುಸಹೊಸೆ’ ಎಂದು ಒಂದೇ ಉಸಿರಿನಲ್ಲಿ ನೆನಪಿಡುತ್ತಾರೆ. ಅಲ್ಲಿ ಓದುವವರು ಒಂದಕ್ಷರ ಉಚ್ಚರಿಸಿದರೆ ಸಾಕು, ಕೈ ಮುನ್ನುಗ್ಗುತ್ತದೆ. ನಿಮ್ಮ ಪುಸ್ತಕದಲ್ಲಿ ಆದಂತೆಯೇ ಇಲ್ಲಿಯೂ ಅತಿ ದೊಡ್ಡ ಗುಂಪು ಅಕಾರದ್ದು, 16 ಪದ್ಯಗಳು. ರಕಾರದ್ದು ಒಂದೂ ಇಲ್ಲ. ಅಕಾರ ಕೇಳಿದಾಗ ಕಾಯಬೇಕು. ಅದರಲ್ಲಿಯೂ ‘ಅಸಬೊರಕೆ’, ಅಂದರೆ ನಸುಕಿನ ಬೆಳಕು, ಎಂಬ ಒಂದೇ ಪದದಿಂದ ಎರಡು ಪದ್ಯಗಳು ಮೊದಲಾಗುತ್ತವೆ. ಐದು ಅಕ್ಷರಗಳವರೆಗೂ ಕೈ ನೆಲದ ಮೇಲೆ ನಿಶ್ಚಲವಾಗಿರಬೇಕು. ಆರನೆಯದು ‘ಅ’ ಆದರೆ ಯೊಶಿನೊ ಹಳ್ಳಿಯ ಮೇಲೆ ಬಿದ್ದ ಹಿಮ, ‘ಉ’ ಆದರೆ ಉಜಿ ನದಿಯ ಮೇಲಿನ ಮಂಜು.