ಮೈದಾನವಿಲ್ಲದ ಶಾಲೆಯಲ್ಲಿ ಹೊರಾಂಗಣ ಪಾಠ

ಪ್ರಶ್ನೆ: ನಾನು ಮುಂಬೈ ಉಪನಗರದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಎರಡನೆಯ ತರಗತಿಯ ಶಿಕ್ಷಕಿ. ನಮಗೆ ಮೈದಾನವಿಲ್ಲ, ಕಾಂಪೌಂಡಿನ ಅಂಚಿನಲ್ಲಿ ಒಂದಿಷ್ಟು ಮಣ್ಣು, ಎರಡು ಎಕ್ಕದ ಗಿಡಗಳಿವೆ ಅಷ್ಟೆ. ವರ್ಷಕ್ಕೊಮ್ಮೆ ಮಕ್ಕಳನ್ನು ಬೊರಿವಲಿಯ ರಾಷ್ಟ್ರೀಯ ಉದ್ಯಾನಕ್ಕೆ ಪ್ರವಾಸ ಒಯ್ಯುತ್ತೇವೆ. ನಿಸರ್ಗದ ಕಲಿಕೆಗೆ ಅಷ್ಟು ಸಾಕೇ? ಹೆಚ್ಚು ಹೊತ್ತು ಹೊರಗಿಟ್ಟರೆ ಪಾಠ ಹಿಂದುಳಿಯುತ್ತದೆಂದು ಪಾಲಕರು ಆಕ್ಷೇಪಿಸುತ್ತಾರೆ.

ಉತ್ತರ: ಸಾಲದು. ಪ್ರವಾಸದ ದಿನ ಮಕ್ಕಳ ಮನಸ್ಸೆಲ್ಲ ಬಸ್ಸು, ಡಬ್ಬಿ, ಪಕ್ಕದ ಗೆಳೆಯನ ಮೇಲಿರುತ್ತದೆ. ಅದೂ ಬೇಕಾದದ್ದೇ; ಆದರೆ ಏಳು ವರ್ಷದ ಮಗುವಿನ ನೋಟ ಚುರುಕಾಗುವುದು ಒಂದೇ ಜಾಗಕ್ಕೆ ಪ್ರತಿ ವಾರ ಹೋಗಿ, ಹಿಂದಿನ ಸಲ ಇದ್ದದ್ದು ಈಗ ಏನಾಗಿದೆ ಎಂದು ತಾನೇ ಗುರುತಿಸತೊಡಗಿದಾಗ. ಹಾಗೆ ನೋಡಿದರೆ ನಿಮ್ಮ ಎರಡು ಎಕ್ಕದ ಗಿಡಗಳು ಸಣ್ಣ ಆಸ್ತಿಯಲ್ಲ.

ಶನಿವಾರ ಮಾರುತಿಗೆ ಏರಿಸುವ ಹಾರದಲ್ಲಿ ಆ ಎಲೆಯನ್ನು ನಿಮ್ಮ ಮಕ್ಕಳು ಕಂಡೇ ಇರುತ್ತಾರೆ. ಅದರ ಅಡಿಭಾಗವನ್ನು ನೋಡಿದರೆ ಪ್ಲೇನ್ ಟೈಗರ್ ಚಿಟ್ಟೆಯ ಹುಳು ಸಿಗುವ ಸಂಭವವುಂಟು: ಮೈತುಂಬ ಕಪ್ಪು, ಬಿಳಿ, ಹಳದಿ ಗುರುತುಗಳು, ಬೆನ್ನಿನ ಮೇಲೆ ಮೂರು ಜೋಡಿ ಕಪ್ಪು ಎಳೆಗಳು. ಎಕ್ಕದ ಹಾಲು ಬಾಯಿಗೆ ಅಂಟದಿರಲೆಂದು ಅದು ಮೊದಲು ಎಲೆಯಲ್ಲಿ ದುಂಡಗೆ ಕಚ್ಚಿ ಗೀರು ಮಾಡಿ, ಹಾಲು ಸೋರಿದ ಬಳಿಕ ಒಳಗಿನ ಭಾಗವನ್ನು ತಿನ್ನುತ್ತದೆ. ಹುಳು ಸಿಗದಿದ್ದರೂ ಆ ದುಂಡು ತೂತು ಸಿಕ್ಕೀತು. ಮೊಟ್ಟೆ ಚಿಟ್ಟೆಯಾಗಲು ಕೆಲವೇ ವಾರ ಸಾಕಾಗುವುದರಿಂದ, ದಾರದಿಂದ ಹುಳುವಿನ ಉದ್ದ ಅಳೆಯುವುದು, ತೂತುಗಳನ್ನು ಎಣಿಸುವುದು, ಕಂಡದ್ದನ್ನು ಚಿತ್ರ ಬಿಡಿಸಿ ಒಂದು ವಾಕ್ಯ ಬರೆಯುವುದು ಇವೆಲ್ಲ ಗಣಿತ ಮತ್ತು ಭಾಷೆಯ ಪಾಠಗಳೇ ಆಗುತ್ತವೆ. ಎಲೆಯನ್ನು ಮಾತ್ರ ಯಾರೂ ಕೀಳಬಾರದು: ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಗಂಭೀರ ತೊಂದರೆಯಾಗುತ್ತದೆ. ಹೊರಗಿನಿಂದ ಬಂದೊಡನೆ ಸೋಪಿನಿಂದ ಕೈ ತೊಳೆಸಿರಿ.

ಪಾಲಕರಿಗೆ ಮಕ್ಕಳು ಹೀಗೆ ಚಿತ್ರ ಬಿಡಿಸಿ ಬರೆದ ವಹಿಯನ್ನೇ ತೋರಿಸಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8 ವರ್ಷದವರೆಗಿನ ಬುನಾದಿ ಹಂತದಲ್ಲಿ ಎರಡನೆಯ ತರಗತಿಯನ್ನೂ ಸೇರಿಸಿ, ಆಟ ಮತ್ತು ಚಟುವಟಿಕೆಯ ಮೂಲಕ ಕಲಿಸಬೇಕೆಂದು ಹೇಳಿದೆ. ಕಣ್ಣಿನ ಮಾತೂ ಇದೆ. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗಿದ್ದ ಮಕ್ಕಳಲ್ಲಿ ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಶೇ 30.4ರಷ್ಟು, ಉಳಿದವರಲ್ಲಿ ಶೇ 39.5. ಇದೇನೂ ಪರದೇಶದಿಂದ ಬಂದ ಹೊಸ ಫ್ಯಾಷನ್ ಅಲ್ಲವೆಂದೂ ಹೇಳಬಹುದು; ಡಹಾಣು ಬಳಿಯ ಕೋಸಬಾಡದಲ್ಲಿ ದನ ಕಾಯುವ ಆದಿವಾಸಿ ಮಕ್ಕಳಿಗಾಗಿ ಶಿಶುಶಿಕ್ಷಣ ತಜ್ಞೆಯರಾದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಶಾಲೆಯನ್ನೇ ಹುಲ್ಲುಗಾವಲಿಗೆ ಒಯ್ದಿದ್ದರು.

ಮಳೆಗಾಲದ ಭಯ ಸಹಜ. ಜಿಟಿಜಿಟಿ ಮಳೆಯಲ್ಲಿ ರೇನ್‌ಕೋಟ್ ಹಾಕಿ ಹತ್ತು ನಿಮಿಷ ಹೋಗಿಬರಬಹುದು. ಗುಡುಗಿದ್ದರೆ ಬೇಡ, ನಿಂತ ನೀರಿಗೆ ಕಾಲಿಡುವುದಂತೂ ಬೇಡವೇ ಬೇಡ, ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಹರಡುವುದು ಅಲ್ಲಿಂದಲೇ. ಡೆಂಗಿಯ ಸೊಳ್ಳೆ ಹಗಲಿನಲ್ಲೇ ಕಚ್ಚುವುದರಿಂದ ತುಂಬು ತೋಳಿನ ಅಂಗಿ ಇರಲಿ.

ಬೊರಿವಲಿಯ ಪ್ರವಾಸವನ್ನು ಬಿಡಬೇಡಿ, ಡಿಸೆಂಬರ್‌ಗೆ ಮುಂದೂಡಿ. ಅಷ್ಟರಲ್ಲಿ ಎಲೆಯ ಅಡಿಭಾಗ ನೋಡುವ ಅಭ್ಯಾಸ ಮಕ್ಕಳಿಗೆ ಆಗಿರುತ್ತದೆ. ಅಲ್ಲಿ ಇಡೀ ಉದ್ಯಾನ ಸುತ್ತಿಸದೆ ಒಂದೇ ಕಡೆ ಒಂದು ತಾಸು ಕೂರಿಸಿ.