ಹಳೇ ಗೀಜರ್, ಹಳೇ ಎಂಸಿಬಿ, ಸಂತೇಲಿ ತಂದ ರಾಡು: ಹಾಕ್ಬಹುದಾ, ಬ್ಯಾಡ್ವಾ?

ಚಳಿ ಶುರುವಾಗಿದ್ದೇ ತಡ, ದಾವಣಗೆರೆ ಚಿತ್ರದುರ್ಗ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲುಪಾಲು ನೀರು ಕಾಯಿಸೋದ್ರ ಬಗ್ಗೇನೇ ಇವೆ, ಅದ್ರಲ್ಲೂ ಸೆಕೆಂಡ್ ಹ್ಯಾಂಡ್ ಸಾಮಾನಿನ ಬಗ್ಗೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಇಟ್ಟಿದೀವಿ.

ಪ್ರಶ್ನೆ: ವಿದ್ಯಾನಗರದಲ್ಲಿ ಬಾಡಿಗೆ ಮನೇಲಿದೀವಿ ಸರ್. ಪಕ್ಕದ ಮನೆಯವ್ರಿಗೆ ಟ್ರಾನ್ಸ್‌ಫರ್ ಆಯ್ತು, ಹೋಗುವಾಗ ಅವ್ರ 15 ಲೀಟರ್ ಗೀಜರ್ 1,800 ರೂಪಾಯಿಗೆ ಕೊಟ್ಟು ಹೋದ್ರು. ನಮ್ಮ ಬಚ್ಚಲಲ್ಲಿ ಇರೋದು ಒಂದೇ ಒಂದು ಸಣ್ಣ ಪ್ಲಗ್ ಪಾಯಿಂಟು. ನನ್ನ ಮೈದುನನಿಗೆ ಸ್ವಲ್ಪ ಕರೆಂಟ್ ಕೆಲಸ ಗೊತ್ತು, ಕನ್ವರ್ಟರ್ ಪ್ಲಗ್ ಹಾಕಿ ಅಲ್ಲೇ ಸಿಗಿಸ್ತೀನಿ ಅಂತಾನೆ. ಮಾಡಿಸ್ಲಾ?
– ಗೃಹಿಣಿ, ದಾವಣಗೆರೆ

ಉತ್ತರ: ಬ್ಯಾಡ್ರಿ ಅಕ್ಕಾ, ಕನ್ವರ್ಟರ್ ಮಾತ್ರ ಬ್ಯಾಡವೇ ಬ್ಯಾಡ. ಲೆಕ್ಕ ನೀವೇ ನೋಡ್ರಿ. ಗೀಜರ್ 2000 ವ್ಯಾಟ್, ನಮ್ಮ ಸಪ್ಲೈ 230 ವೋಲ್ಟ್, ಅಂದ್ರೆ ಅದು ಎಳೆಯೋದು ಹತ್ರತ್ರ 9 ಆಂಪ್ಸ್. ನಿಮ್ಮ ಬಚ್ಚಲಲ್ಲಿರೋ ಸಣ್ಣ ಸಾಕೆಟ್ಟು 6 ಆಂಪ್ಸ್‌ದು, ಅದರ ಹಿಂದೆ ಗೋಡೆ ಒಳಗೆ ಓಡಿರೋ ವೈರು ಸಾಮಾನ್ಯವಾಗಿ 1 ಅಥವಾ 1.5 ಸ್ಕ್ವೇರ್ ಎಂಎಂ. ಮೊದಲ ದಿನ ಏನೂ ಆಗಲ್ಲ, ನೀರು ಚೆನ್ನಾಗೇ ಕಾಯುತ್ತೆ, ಅದಕ್ಕೇ ಎಲ್ಲರಿಗೂ ಧೈರ್ಯ ಬಂದುಬಿಡುತ್ತೆ. ದಿನಾ ಕಾದು ಕಾದು ಸಾಕೆಟ್ ಒಳಗಿನ ಹಿತ್ತಾಳೆ ಪಟ್ಟಿ ಸಡಿಲ ಆಗುತ್ತೆ, ಸಡಿಲ ಆದಷ್ಟೂ ಇನ್ನೂ ಕಾಯುತ್ತೆ, ಕೊನೆಗೆ ಪ್ಲಗ್ಗು ಕೀಳೋಕೆ ಹೋದ್ರೆ ಪಿನ್ನು ಸಾಕೆಟ್‌ಗೇ ಅಂಟಿಕೊಂಡು ಪ್ಲಾಸ್ಟಿಕ್ ಮಾತ್ರ ಕೈಗೆ ಬರುತ್ತೆ.

ಗೀಜರ್‌ಗೆ ಬೇಕಾಗಿರೋದು ಡಿಬಿ ಬಾಕ್ಸಿಂದ (ಮನೆಯ ಎಲ್ಲ ಲೈನು ಕವಲೊಡೆಯೋ ಪೆಟ್ಟಿಗೆ) ನೇರ ಬರೋ ಬೇರೆ ಲೈನು, ಕನಿಷ್ಠ 2.5 ಸ್ಕ್ವೇರ್ ಎಂಎಂ ತಾಮ್ರದ ವೈರು, ಅದಕ್ಕೇ ಅಂತ 16 ಆಂಪ್ಸ್ ಎಂಸಿಬಿ (ಲೋಡ್ ಮೀರಿದ್ರೆ, ಶಾರ್ಟ್ ಆದ್ರೆ ತಾನೇ ಬೀಳೋ ಸ್ವಿಚ್ಚು), ಬಚ್ಚಲ ಹೊರಗೆ 20 ಆಂಪ್ಸ್ ಡಿಪಿ ಸ್ವಿಚ್ಚು. ಡಿಪಿ ಯಾಕೆ ಅಂದ್ರೆ ಅದು ಕರೆಂಟ್ ತರೋ ಫೇಸು, ವಾಪಸ್ ಒಯ್ಯೋ ನ್ಯೂಟ್ರಲ್ಲು ಎರಡನ್ನೂ ಕಟ್ ಮಾಡುತ್ತೆ. ಮಾಮೂಲಿ ಸ್ವಿಚ್ಚು ಒಂದನ್ನೇ ಕಟ್ ಮಾಡೋದು, ಅದೂ ಹಳೇ ಮನೆಗಳಲ್ಲಿ ಎಷ್ಟೋ ಕಡೆ ಫೇಸ್ ಬಿಟ್ಟು ನ್ಯೂಟ್ರಲ್‌ಗೆ ಸ್ವಿಚ್ ಹಾಕಿರ್ತಾರೆ, ಆಫ್ ಮಾಡಿದ್ರೂ ಗೀಜರ್ ಒಳಗೆ ಕರೆಂಟ್ ಇದ್ದೇ ಇರುತ್ತೆ.

ಇನ್ನು ಮೈದುನನ ವಿಷಯ. ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮದ ಪ್ರಕಾರ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, 250 ವೋಲ್ಟ್ ಒಳಗಿನ ಮನೆ ಉಪಕರಣ, ಇವನ್ನ ಒಂದು ತೆಗೆದು ಅದೇ ಕೆಪಾಸಿಟಿದು ಇನ್ನೊಂದು ಹಾಕೋಕೆ ಯಾರಿಗೂ ಲೈಸೆನ್ಸ್ ಬೇಕಿಲ್ಲ. ಮೊದಲೇ ಸರಿಯಾದ ಗೀಜರ್ ಪಾಯಿಂಟ್ ಇದ್ದಿದ್ರೆ ಅವ್ರೇ ಹಾಕಬಹುದಿತ್ತು. ಆದ್ರೆ ಇಲ್ಲದೇ ಇರೋ ಕಡೆ ಹೊಸ ಲೈನ್ ಎಳೆಯೋದು ಅಂದ್ರೆ ಅದು ಲೈಸೆನ್ಸ್ ಇರೋ ವಿದ್ಯುತ್ ಗುತ್ತಿಗೆದಾರರ ಕೆಲಸ, ಕೈ ಹಾಕೋ ವೈರ್‌ಮನ್ ಹತ್ರಾನೂ ಪರ್ಮಿಟ್ ಇರಬೇಕು. ನಮ್ಮ ರಾಜ್ಯದಲ್ಲಿ ಅದನ್ನ ಕೊಡೋದು ವಿದ್ಯುತ್ ಪರಿವೀಕ್ಷಣಾಲಯ ಇಲಾಖೆ. ತೋರಿಸಿ ಅಂತ ಕೇಳ್ರಿ, ಕೇಳೋದ್ರಲ್ಲಿ ಸಂಕೋಚ ಏನೂ ಬೇಡ. ಮನೆ ಓನರ್‌ಗೂ ಮೊದಲೇ ಹೇಳ್ರಿ, ಗೋಡೆ ಅವ್ರದು, ಲೈನು ಮುಂದಕ್ಕೂ ಅವ್ರ ಮನೇಲೇ ಉಳಿಯೋದು, ಖರ್ಚಲ್ಲಿ ಅರ್ಧ ಹಾಕ್ಕೊಳ್ಳೀ ಅಂತ ಕೇಳೋಕೂ ನ್ಯಾಯ ಇದೆ.

ಗೀಜರ್ ತಂದಾಗಿದೆ, ಅದನ್ನ ಎಸೀರಿ ಅಂತ ನಾನು ಹೇಳಲ್ಲ. ಗೋಡೆಗೆ ಏರಿಸೋ ಮುಂಚೆ ನೆಲದ ಮೇಲಿಟ್ಟು ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿಸ್ರಿ. ನೀರು ಕಾಯಿಸೋ ಎಲಿಮೆಂಟ್ ಕೂತಿರೋ ಜಾಗದ ಸುತ್ತ ತುಕ್ಕಿನ ಗೆರೆ ಇಳಿದಿದ್ರೆ ಗ್ಯಾಸ್ಕೆಟ್ ಸೋರಿದೆ ಅಂತ ಅರ್ಥ, ಆ ನೀರು ಸೀದಾ ಥರ್ಮೋಸ್ಟಾಟ್ (ನೀರು ಬೇಕಾದಷ್ಟು ಕಾದ್ಮೇಲೆ ಕರೆಂಟ್ ನಿಲ್ಸೋದು) ಟರ್ಮಿನಲ್ ಮೇಲೇ ಬೀಳೋದು. ಎಲಿಮೆಂಟ್ ಹೊರಗೆ ತೆಗೆದ್ರೆ ನಮ್ಮ ಕಡೆ ಬೋರ್ ನೀರಿಗೆ ಸುಣ್ಣದಂಥ ಬಿಳೀ ಪದರ ದಪ್ಪಗೆ ಕಟ್ಟಿರುತ್ತೆ, ಅದು ಕಟ್ಟಿದ್ರೆ ಒಳಗಿನ ಕಾವು ನೀರಿಗೆ ಹೋಗಲ್ಲ, ಎಲಿಮೆಂಟೇ ಸುಟ್ಟು ಸೀಳು ಬಿಡುತ್ತೆ, ಸೀಳು ಬಿಟ್ಟ ಎಲಿಮೆಂಟಿಂದಾನೇ ನೀರಿಗೆ ಕರೆಂಟ್ ಬರೋದು. ಪಕ್ಕದಲ್ಲಿ ಮೆಗ್ನೀಷಿಯಂ ಕಡ್ಡಿ ಇರುತ್ತೆ, ಟ್ಯಾಂಕ್ ತುಕ್ಕು ಹಿಡೀದೇ ಇರ್ಲಿ ಅಂತ ತಾನು ಸವೆಯೋ ಕಡ್ಡಿ, ಅದು ಸವೆದು ಬರೀ ತಂತಿ ಉಳಿದಿದ್ರೆ ಬದಲಾಯಿಸ್ರಿ. ವೈರ್‌ಮನ್ ಹತ್ರ ಮೆಗ್ಗರ್ (ಕರೆಂಟ್ ಸೋರುತ್ತಾ ಅಂತ ಅಳೆಯೋ ಮೀಟರು) ಇದ್ರೆ 500 ವೋಲ್ಟ್‌ಗೆ ಇಟ್ಟು ಎಲಿಮೆಂಟಿಗೂ ಬಾಡಿಗೂ ನಡುವೆ ಚೆಕ್ ಮಾಡಿಸ್ರಿ, 1 ಮೆಗಾಓಮ್‌ಗಿಂತ ಕೆಳಗೆ ತೋರಿಸಿದ್ರೆ ಆ ಎಲಿಮೆಂಟ್ ಹಾಕ್ಲೇಬ್ಯಾಡ್ರಿ.

ನನ್ನ ಪ್ರಕಾರ ಹಳೇ ಗೀಜರಲ್ಲಿ ಟ್ಯಾಂಕು ಚೆನ್ನಾಗಿದ್ರೆ ಉಳಿಸ್ಕೊಳ್ರಿ. ಎಲಿಮೆಂಟು, ಥರ್ಮೋಸ್ಟಾಟು, ಬಿಸಿ ಮಿತಿಮೀರಿದ್ರೆ ಕರೆಂಟ್ ಕಡಿಯೋ ಥರ್ಮಲ್ ಕಟೌಟು, ಪ್ರೆಷರ್ ವಾಲ್ವು, ಪ್ಲಗ್ ಟಾಪು, ಇವೆಲ್ಲ ಹೊಸದು ಹಾಕಿಸ್ರಿ. ಇದೆಲ್ಲ ಸೇರಿ ಹೊಸ ಗೀಜರ್ ರೇಟಿಗೆ ಹತ್ರ ಬಂತು ಅಂದ್ರೆ ಹೊಸದೇ ತಗೊಳ್ರಿ. ವಾಲ್ವಿಂದ ಬಿಸಿ ಆಗುವಾಗ ಒಂದೊಂದು ಹನಿ ತೊಟ್ಟಿಕ್ಕೋದು ಸಹಜ, ನೆಲ ಒದ್ದೆ ಆಗುತ್ತೆ ಅಂತ ಅದಕ್ಕೆ ಡಮ್ಮಿ ಹೊಡೆಸಿ ಮುಚ್ಚಿಸಿಬಿಡ್ತಾರೆ ಕೆಲವರು, ಆಮೇಲೆ ಥರ್ಮೋಸ್ಟಾಟ್ ಕೈಕೊಟ್ಟ ದಿನ ಒಳಗಿನ ಪ್ರೆಷರ್ ಹೊರಗೆ ಹೋಗೋಕೆ ದಾರೀನೇ ಇರಲ್ಲ, ಟ್ಯಾಂಕ್ ಒಡೆಯುತ್ತೆ.

ಪ್ರಶ್ನೆ: ಪಿ.ಜೆ. ಬಡಾವಣೇಲಿ ನಮ್ಮ ದೊಡ್ಡಪ್ಪನ ಹಳೇ ಮನೆ ಕೆಡವಿದ್ರು. ಅಲ್ಲಿಯ ಎಂಸಿಬಿ, ಸ್ವಿಚ್ಚು, ಎರಡು ಸುರುಳಿ ವೈರು, ಫ್ಯಾನು, ಟ್ಯೂಬ್‌ಲೈಟ್ ಪಟ್ಟಿ ಎಲ್ಲ ನಮಗೇ ಕೊಟ್ಟಿದಾರೆ. ನಿಟ್ಟುವಳ್ಳೀಲಿ ನಾವು ಮಹಡಿ ಮೇಲೆ ಎರಡು ರೂಮು ಕಟ್ಟಿಸ್ತಿದೀವಿ, ಅದಕ್ಕೆ ಉಪಯೋಗಿಸಬಹುದಾ?
– ಓದುಗರು, ದಾವಣಗೆರೆ

ಉತ್ತರ: ಫ್ಯಾನು ಹಾಕ್ಕೊಳ್ರಿ, ಕೆಪಾಸಿಟರ್ ಬದಲಾಯಿಸಿ, ಮೇಲಿನ ಕೊಂಡಿ, ರಬ್ಬರು, ಬೋಲ್ಟು ಹೊಸದು ಹಾಕಿಸಿ ಸಾಕು. ಟ್ಯೂಬ್‌ಲೈಟ್ ಪಟ್ಟಿಯ ಚೋಕ್ ತೆಗೆಸಿ ಎಲ್‌ಇಡಿ ಕೂರಿಸಬಹುದು. ಸ್ವಿಚ್ಚು ಒತ್ತಿದಾಗ ಟಕ್ ಅಂತ ಗಟ್ಟಿಯಾಗಿ ಕೂರುತ್ತಾ, ಬೆನ್ನಿಗೆ ಸುಟ್ಟ ಕಲೆ ಇದೆಯಾ ನೋಡಿ, ಲೈಟಿಗೆ ಮಾತ್ರ ಹಾಕ್ರಿ, ಪವರ್ ಪಾಯಿಂಟಿಗೆ ಬೇಡ.

ವೈರು ಮಾತ್ರ ಬೇಡ. ಪೈಪಿಂದ ಎಳೆದು ತೆಗೆದ ವೈರಿನ ಮೇಲಿನ ಪಿವಿಸಿ ಒಣಗಿ ಗಟ್ಟಿ ಆಗಿರುತ್ತೆ, ಬೆರಳಿಗೆ ಸುತ್ತಿ ನೋಡ್ರಿ, ಮಡಚಿದ ಕಡೆ ಕೂದಲೆಳೆ ಥರ ಬಿರುಕು ಕಾಣುತ್ತೆ. ಅದನ್ನ ಮತ್ತೆ ಹೊಸ ಪೈಪಲ್ಲಿ ಎಳೆದ್ರೆ ಎಲ್ಲಿ ಸಿಪ್ಪೆ ಸುಲಿದಿದೆ ಅಂತ ಗೋಡೆ ಪ್ಲಾಸ್ಟರ್ ಆದ್ಮೇಲೆ ದೇವರಿಗೂ ಗೊತ್ತಾಗಲ್ಲ. ತಾಮ್ರ ಅಲ್ವಾ, ಗುಜರಿಗೆ ಹಾಕಿದ್ರೆ ಒಳ್ಳೇ ರೇಟೇ ಸಿಗುತ್ತೆ, ಆ ದುಡ್ಡು ಹೊಸ ವೈರಿಗೆ ಸೇರಿಸ್ರಿ.

ಎಂಸಿಬಿನೂ ಬೇಡ. ಅದು ಹೊರಗಿನಿಂದ ನೋಡೋಕೆ ಹೊಸದರ ಹಾಗೇ ಇರುತ್ತೆ, ಲಿವರ್ ಮೇಲೆ ಕೆಳಗೆ ಆಡುತ್ತೆ, ಆದ್ರೆ ಹಿಂದೆ ಎಷ್ಟು ಸಲ ಶಾರ್ಟ್ ಸರ್ಕ್ಯೂಟ್ ತಡೆದಿದೆ, ಒಳಗಿನ ಕಾಂಟ್ಯಾಕ್ಟ್ ಎಷ್ಟು ಸುಟ್ಟಿದೆ ಅಂತ ಬಿಚ್ಚದೇ ಗೊತ್ತಾಗಲ್ಲ, ಬಿಚ್ಚಿದ್ರೆ ಮತ್ತೆ ಕೂಡಿಸೋ ಹಾಗಿಲ್ಲ. ಕಾಪಾಡೋಕೆ ಅಂತಾನೇ ಇರೋ ಸಾಮಾನನ್ನ ಅನುಮಾನದಲ್ಲಿ ಹಾಕ್ಕೊಂಡು ಏನು ಪ್ರಯೋಜನ ಹೇಳ್ರಿ. ಇದನ್ನ ನಾನು ಎಲ್ಲರಿಗೂ ಹೇಳ್ತೀನಿ: ಬಿಚ್ಚಿ ನೋಡಿ ಪರೀಕ್ಷೆ ಮಾಡೋಕೆ ಆಗೋದನ್ನ ಹಳೇದು ತಗೊಳ್ರಿ, ಕಾಪಾಡೋ ಸಾಮಾನು ಹೊಸದೇ ತಗೊಳ್ರಿ.

ಮಹಡಿ ಮೇಲೆ ಹೊಸ ಡಿಬಿ ಹಾಕಿಸ್ತಿದ್ರೆ 30 ಮಿಲಿಆಂಪ್ಸ್ ಆರ್‌ಸಿಸಿಬಿ ಮರೀಬೇಡ್ರಿ. ಎಂಸಿಬಿ ಇದೆಯಲ್ಲ ಸಾಕು ಅಂತ ಬಹಳ ಜನ ಅಂದ್ಕೊಂಡಿದಾರೆ. ಎಂಸಿಬಿ ಇರೋದು ವೈರು ಸುಡದೇ ಇರೋಕೆ, 16 ಆಂಪ್ಸ್ ಎಂಸಿಬಿ 16 ದಾಟೋವರೆಗೂ ಸುಮ್ಮನೇ ಕೂತಿರುತ್ತೆ, ಮನುಷ್ಯನ ಜೀವ ಹೋಗೋಕೆ ಅದರಲ್ಲಿ ಒಂದು ಸಣ್ಣ ಪಾಲೂ ಬೇಕಾಗಿಲ್ಲ. ಆರ್‌ಸಿಸಿಬಿ ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ವ್ಯತ್ಯಾಸ ನೋಡ್ತಾ ಇರುತ್ತೆ, ಅದು 30 ಮಿಲಿಆಂಪ್ಸ್ ಆಗೋದರೊಳಗೆ ಟ್ರಿಪ್ ಆಗುತ್ತೆ. ಮನೆಗಳಿಗೆ ಈ 30ರ ಮಿತಿ ನಿಯಮದಲ್ಲೇ ಬರೆದಿದೆ. ಮೇಲೆ ಟೆಸ್ಟ್ ಅಂತ ಸಣ್ಣ ಬಟನ್ ಇರುತ್ತೆ, ತಿಂಗಳಿಗೊಮ್ಮೆ ಒತ್ತಿ ನೋಡ್ರಿ, ಬೀಳದಿದ್ರೆ ಅವತ್ತೇ ಬದಲಾಯಿಸ್ರಿ.

ಪ್ರಶ್ನೆ: ಸಂತೇಲಿ ನೀರು ಕಾಯಿಸೋ ರಾಡು 150 ರೂಪಾಯಿಗೆ ಸಿಕ್ತು, ಹಳೇದು. ನೀರಿಗೆ ಕೈ ಇಟ್ರೆ ಸ್ವಲ್ಪ ಜುಮ್ ಅನ್ನುತ್ತೆ, ಚಪ್ಪಲಿ ಹಾಕ್ಕೊಂಡ್ರೆ ಅನ್ನಲ್ಲ. ಹಾಗೇ ಬಳಸಬಹುದಾ?
– ಓದುಗರು, ಚಿತ್ರದುರ್ಗ

ಉತ್ತರ: ದಯವಿಟ್ಟು ಇದನ್ನ ಓದಿದ ಕೂಡ್ಲೇ ಆ ರಾಡನ್ನ ವೈರ್ ಕತ್ತರಿಸಿ ಗುಜರಿಗೆ ಹಾಕಿಬಿಡ್ರಿ, ಇನ್ನೊಬ್ಬರಿಗೆ ಮಾರೋಕೂ ಹೋಗಬೇಡ್ರಿ. ಜುಮ್ ಅನ್ನೋದು ಅಂದ್ರೆ ನಿಮ್ಮ ಮೈಯಲ್ಲೇ ಕರೆಂಟ್ ಹರೀತಿದೆ ಅಂತ, ಚಪ್ಪಲಿ ಇದ್ದಾಗ ದಾರಿ ಸಿಗದೇ ನಿಂತಿದೆ ಅಷ್ಟೇ. ಬಚ್ಚಲಲ್ಲಿ ಮಗು ಬರಿಗಾಲಲ್ಲಿ ಬಂದು ಬಕೆಟ್ಟಿಗೆ ಕೈ ಹಾಕಿದ್ರೆ ಏನಾಗುತ್ತೆ ಯೋಚನೆ ಮಾಡ್ರಿ. ರಾಡಂತೂ ಸೆಕೆಂಡ್ ಹ್ಯಾಂಡ್ ತರಲೇಬಾರದು, ಹೊಸದರಲ್ಲೂ ಐಎಸ್ 368 ಅಂತ ಐಎಸ್‌ಐ ಮಾರ್ಕ್ ಇರೋದನ್ನೇ ತರಬೇಕು. ಮಾರ್ಕಿನ ಜೊತೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರುತ್ತೆ, ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿದ್ರೆ ಅಸಲಿಯೋ ನಕಲಿಯೋ ತೋರಿಸುತ್ತೆ. ಗೀಜರ್ ಆದ್ರೆ ಐಎಸ್ 2082 ನೋಡ್ರಿ. ಬಳಸುವಾಗ ರಾಡು ಮುಳುಗಿಸಿದ್ಮೇಲೆ ಸ್ವಿಚ್ ಹಾಕ್ರಿ, ನೀರು ಬಿಸಿ ಆಯ್ತಾ ಅಂತ ನೋಡೋಕೂ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಆಮೇಲೇ ಕೈ ಇಡ್ರಿ, ತಗಡಿನ ಬಕೆಟ್ ಬೇಡ.

ಪ್ರಶ್ನೆ: ನಮ್ಮನೇಲಿ ಗೀಜರಿನ ನೀರು ಬರೋ ನಲ್ಲಿ ಮುಟ್ಟಿದ್ರೆ ಒಂದೊಂದ್ಸಲ ಶಾಕ್ ಹೊಡೀತದೆ. ಅರ್ಥಿಂಗ್ ಇದೆ, ತ್ರೀ ಪಿನ್ನೇ ಇದೆ ಅಂತಾರೆ ಹಾಕಿದವ್ರು. ಹಂಗಾದ್ರೆ ಶಾಕ್ ಎಲ್ಲಿಂದ?
– ಓದುಗರು, ಹರಿಹರ

ಉತ್ತರ: ಮೂರು ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ (ಸೋರಿದ ಕರೆಂಟನ್ನ ನೆಲಕ್ಕೆ ಇಳಿಸೋ ವ್ಯವಸ್ಥೆ) ಇದೆ ಅಂತಲ್ಲ. ಮೊದಲು ಗೀಜರ್ ಬಳಸೋದು ನಿಲ್ಸಿ. ಮೇನ್ ಆಫ್ ಮಾಡಿಸಿ ವೈರ್‌ಮನ್ ಕೈಲಿ ಆ ಸಾಕೆಟ್ ಬಿಚ್ಚಿಸಿ ಹಿಂದೆ ನೋಡ್ರಿ. ಹಳೇ ಮನೆಗಳಲ್ಲಿ ಎರಡು ಥರ ಕಾಣುತ್ತೆ. ಒಂದು, ಮೇಲಿನ ದೊಡ್ಡ ಪಿನ್ನಿಗೆ ವೈರೇ ಬಂದಿರಲ್ಲ, ಖಾಲಿ. ಇನ್ನೊಂದು ಇದಕ್ಕಿಂತ ಕೆಟ್ಟದ್ದು, ನ್ಯೂಟ್ರಲ್ಲಿಂದ ಅರ್ಥ್ ಪಿನ್ನಿಗೆ ಒಂದು ಗೇಣು ವೈರ್ ತುಂಡು ಹಾಕಿ ಲೂಪ್ ಮಾಡಿರ್ತಾರೆ. ಟೆಸ್ಟ್ ಲ್ಯಾಂಪ್ ಹಿಡಿದ್ರೆ ಚೆನ್ನಾಗೇ ಉರಿಯುತ್ತೆ, ಅರ್ಥಿಂಗ್ ಇದೆ ಅಂತ ಎಲ್ಲರೂ ಒಪ್ಕೊಂಡುಬಿಡ್ತಾರೆ. ಆದ್ರೆ ಯಾವತ್ತಾದ್ರೂ ಕಂಬದಲ್ಲೋ ಮೀಟರ್ ಹತ್ರಾನೋ ನ್ಯೂಟ್ರಲ್ ಕಿತ್ತುಹೋದ್ರೆ 230 ವೋಲ್ಟ್ ಪೂರ್ತಿ ಆ ತುಂಡು ವೈರಿನ ಮೂಲಕ ಗೀಜರ್ ಬಾಡಿಗೆ, ಪೈಪಿಗೆ, ನಲ್ಲಿಗೆ ಬರುತ್ತೆ.

ಅಂಥ ಲೂಪ್ ಕಂಡ್ರೆ ತೆಗೆಸಿ, ಅರ್ಥ್ ವೈರನ್ನ ನೆಲದಲ್ಲಿ ತೋಡಿರೋ ಅರ್ಥ್ ಗುಂಡಿವರೆಗೂ ಪೂರ್ತಿ ಬೇರೆಯಾಗೇ ಎಳೆಸ್ರಿ. ನೀರಿನ ಪೈಪಿಗೆ ಕಟ್ಟೋ ಅಭ್ಯಾಸಾನೂ ಇದೆ, ಈಗ ಪೈಪೆಲ್ಲ ಪ್ಲಾಸ್ಟಿಕ್ಕು, ಅದರಿಂದ ಏನೂ ಉಪಯೋಗ ಇಲ್ಲ. ನಮ್ಮ ಕಡೆ ಬೇಸಿಗೇಲಿ ನೆಲ ಒಣಗಿ ಅರ್ಥ್ ಗುಂಡಿ ಕೆಲಸಾನೇ ಮಾಡಲ್ಲ, ವಾರಕ್ಕೆರಡು ಕೊಡ ನೀರು ಹಾಕ್ತಾ ಇರ್ರಿ. ಅರ್ಥಿಂಗ್ ಸರಿ ಮಾಡಿಸಿದ್ಮೇಲೂ ಎಲಿಮೆಂಟ್ ಚೆಕ್ ಮಾಡಿಸ್ಲೇಬೇಕು, ಕರೆಂಟ್ ಸೋರ್ತಿರೋದು ಅಲ್ಲಿಂದಾನೇ ಇರಬಹುದು.

ಪ್ರಶ್ನೆ: ಗೀಜರ್ ಹಾಕಿಸಿದ್ರೆ ಬೆಸ್ಕಾಂಗೆ ಹೇಳಬೇಕಾ? ಗೃಹಜ್ಯೋತಿ ಹೋಗಿಬಿಡುತ್ತಾ?
– ಓದುಗರು, ಹೊಳಲ್ಕೆರೆ

ಉತ್ತರ: ನಿಮ್ಮ ಬಿಲ್ ಮೇಲೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಬರೆದಿರುತ್ತೆ. ಅದು 1 ಇದ್ದು ನೀವು 2 ಕಿಲೋವ್ಯಾಟ್ ಗೀಜರ್ ಹಾಕ್ತೀರಿ ಅಂದ್ರೆ ಲೋಡ್ ಜಾಸ್ತಿ ಮಾಡಿಸ್ಕೊಬೇಕು, ನಿಮ್ಮ ಸಬ್‌ಡಿವಿಷನ್ ಆಫೀಸಲ್ಲಿ ಅರ್ಜಿ ಕೊಡ್ರಿ. ಗೃಹಜ್ಯೋತಿ ಹೋಗೋದು ಗೀಜರ್‌ನಿಂದ ಅಲ್ಲ, ಯೂನಿಟ್‌ನಿಂದ. 2 ಕಿಲೋವ್ಯಾಟ್ ಗೀಜರ್ ಅರ್ಧ ಗಂಟೆ ಕಾದ್ರೆ 1 ಯೂನಿಟ್, 15 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಬರೋಕೆ ಸುಮಾರು 20 ನಿಮಿಷ ಸಾಕು. ದಿನಾ ಎರಡು ಸಲ ಕಾಯಿಸಿದ್ರೆ ತಿಂಗಳಿಗೆ 40 ಯೂನಿಟ್ ಆಸುಪಾಸು ಏರುತ್ತೆ. ನಿಮಗೆ ಗೊತ್ತುಮಾಡಿರೋ ಉಚಿತ ಯೂನಿಟ್ ಮೀರಿದ್ರೆ ಮೀರಿದಷ್ಟಕ್ಕೆ ಕಟ್ಟಬೇಕು, 200 ದಾಟಿದ್ರೆ ಆ ತಿಂಗಳು ಪೂರ್ತಿ ಬಿಲ್ಲೇ. ಸ್ನಾನಕ್ಕೆ 20 ನಿಮಿಷ ಮುಂಚೆ ಹಾಕಿ, ನೀರು ಹಿಡ್ಕೊಳ್ಳೋ ಮುಂಚೆ ಆಫ್ ಮಾಡ್ರಿ. ಮೀಟರ್ ಹತ್ರ ವೈರ್ ಕಾದು ವಾಸನೆ ಬಂದ್ರೆ ನೀವು ಮುಟ್ಟೋಕೆ ಹೋಗಬೇಡ್ರಿ, 1912ಕ್ಕೆ ಫೋನ್ ಮಾಡ್ರಿ, ಮೀಟರಿನ ಸೀಲು ಕೀಳೋ ಅಧಿಕಾರ ಅವ್ರಿಗೆ ಮಾತ್ರ.